ಕೇಳದೆ ಕೇಳಿದ ಸಂಗೀತ

ಕನ್ನಡದಲ್ಲಿ ‘ಕೇಳು’ ಎಂಬ ಮಾತಿಗೆ ಎರಡು ಅರ್ಥಗಳಿರುವುದು ವಾಚಕರಿಗೆ ತಿಳಿದೇ ಇದೆ. ಕಿವಿಯಿಂದ ಕೇಳುವುದು ಒಂದು, ಬೇಕೆಂದು ಕೇಳುವುದು ಇನ್ನೊಂದು. ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಎರಡನೆಯ ಅರ್ಥವೇ ಹೆಚ್ಚು ಬಳಕೆಯದು. ಕಚೇರಿಯಲ್ಲಿ ಅರ್ಜಿಯಿಲ್ಲದೆ ಕಡತ ಅಲ್ಲಾಡುವುದಿಲ್ಲ. ಕೇಳದವರಿಗೆ ಏನೂ ದೊರೆಯುವುದಿಲ್ಲ, ಕೇಳಿದವರಿಗೂ ಮೂರು ಪ್ರತಿಗಳಲ್ಲಿ ಕೇಳಿದ ಮೇಲೆಯೇ. ಇಂಥ ನಮಗೆ ಬದುಕಿನಲ್ಲಿ ಅರ್ಜಿ ಹಾಕದೆ ದೊರೆತ ಸಂಪತ್ತೊಂದಿದ್ದರೆ ಅದು ಸಂಗೀತ. ಅದನ್ನು ಕೊಟ್ಟದ್ದು ರಾತ್ರಿಯ ರೇಡಿಯೋ. ಆ ರೇಡಿಯೋ ಏನನ್ನು ಹೇಗೆ ಕೊಟ್ಟಿತು, ಏನನ್ನು ಕೊಡದೆ ಹೋಯಿತು, ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಯಂತ್ರ ಆ ಕೆಲಸವನ್ನು ಮಾಡಬಲ್ಲುದೆ ಎಂಬುದನ್ನು ಕೊಂಚ ವಿಮರ್ಶಿಸಿ ನೋಡುವುದು ಈ ಲೇಖನದ ಉದ್ದೇಶ.

1994ರಲ್ಲಿ ನಮಗೆ ಹದಿನೈದು ವರ್ಷ. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರ. ಮನೆಯಲ್ಲಿ ಟಿ.ವಿ. ಇತ್ತು, ಆದರೆ ಅದು ಅಪ್ಪನ ಹಾಸಿಗೆಯ ತಲೆದೆಸೆಯಲ್ಲಿತ್ತು. ಬೆಳಗಿನ ಲೋಕಲ್ ಹಿಡಿಯಬೇಕಾದ ಅಪ್ಪ ಒಂಬತ್ತೂವರೆಗೆ ಅದನ್ನು ಬಂದ್ ಮಾಡಿ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಅಣ್ಣ ಮತ್ತು ನಾವು ಅಡುಗೆಮನೆಯ ದೀಪದ ಕೆಳಗೆ ಪುಸ್ತಕ ಹರಡಿಕೊಂಡು ಓದಬೇಕು. ಓದಿಗೆ ಜೊತೆಯಾಗಿ ಎರಡು ಬ್ಯಾಂಡಿನ ಒಂದು ಹಳೆಯ ಟ್ರಾನ್ಸಿಸ್ಟರು. ಅದರ ಬ್ಯಾಟರಿ ಮುಚ್ಚಳ ಎಂದೋ ಕಳೆದುಹೋಗಿ ರಬ್ಬರಿನ ಪಟ್ಟಿಯೇ ಗತಿಯಾಗಿತ್ತು. “ಸಣ್ಣಗ ಹಚ್ರಪಾ, ನಿಮ್ಮ ಅಪ್ಪಾರು ಮಲಗ್ಯಾರ” ಎಂದು ಹೇಳಿ ಅವ್ವನೂ ಮಲಗಿದಳೆಂದರೆ ಆಮೇಲಿನ ರಾತ್ರಿ ನಮ್ಮದು.

ಆ ಟ್ರಾನ್ಸಿಸ್ಟರಿನ ಮಹಿಮೆ ಕತ್ತಲಾದ ಮೇಲೆಯೇ ತಿಳಿಯುತ್ತಿತ್ತು. ಹಗಲಲ್ಲಿ ಅದರಲ್ಲಿ ಮುಂಬಯಿ ನಿಲಯಗಳನ್ನು ಬಿಟ್ಟರೆ ಬೇರೇನೂ ಹಿಡಿಯುತ್ತಿರಲಿಲ್ಲ. ರಾತ್ರಿ ಮುಳ್ಳನ್ನು ಮೆಲ್ಲಗೆ ಸರಿಸಿದರೆ 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ, 612ರಲ್ಲಿ ಬೆಂಗಳೂರು. ನಾನೂರು ಕಿಲೋಮೀಟರಿಗೂ ಮಿಕ್ಕ ದೂರದ ಧಾರವಾಡದ ಕನ್ನಡ ನಮ್ಮ ಅಡುಗೆಮನೆಯ ಪಾತ್ರೆಗಳ ನಡುವೆ ಬಂದು ಕೂಡುತ್ತಿತ್ತು. ಇದರ ಕಾರಣವನ್ನು ಮುಂದೆ ಬಿ.ಎಸ್‌ಸಿ. ತರಗತಿಯಲ್ಲಿ ಓದಿದೆವು. ಭೂಮಿಯಿಂದ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಕಿರಣಗಳು ಗಾಳಿಯ ಕಣಗಳನ್ನು ಒಡೆದು ಒಂದು ಪದರವನ್ನು ಉಂಟುಮಾಡುತ್ತವೆ. ಹಗಲೆಲ್ಲ ಈ ಪದರ ಮಧ್ಯಮ ತರಂಗಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗಿಹೋಗುತ್ತದೆ. ಆಗ ತರಂಗಗಳು ಇನ್ನೂ ಮೇಲಿನ ಪದರಗಳನ್ನು ಮುಟ್ಟಿ, ಅಲ್ಲಿಂದ ಬಾಗಿ, ದೂರದ ಊರುಗಳಿಗೆ ಇಳಿಯುತ್ತವೆ. ಬೇರೆ ಬೇರೆ ದಾರಿಯಿಂದ ಬಂದ ತರಂಗಗಳು ಒಂದನ್ನೊಂದು ಕೂಡಿ ಕಳೆಯುವುದರಿಂದ ಧ್ವನಿ ಅಲೆಯಂತೆ ಏರಿ ಇಳಿಯುತ್ತದೆ. ಪೆಟ್ಟಿಗೆಯೊಳಗಿನ ಫೆರೈಟ್ ಕಡ್ಡಿ ಯಾವ ದಿಕ್ಕಿಗೆ ತಿರುಗಿದೆ ಎಂಬುದರ ಮೇಲೂ ಧ್ವನಿ ಹೆಚ್ಚುಕಡಿಮೆಯಾಗುತ್ತದೆ. ಈ ಶಾಸ್ತ್ರ ತಿಳಿಯುವ ಮೊದಲೇ ಅಣ್ಣ ಅನುಭವದಿಂದ ಕಂಡುಕೊಂಡಿದ್ದ: ರೇಡಿಯೋ ಹಿಟ್ಟಿನ ಡಬ್ಬಿಯ ಮೇಲೆ ಓರೆಯಾಗಿ ಇದ್ದರೆ ಧಾರವಾಡ ಚೆನ್ನಾಗಿ ಕೇಳಿಸುತ್ತದೆ.

ನಾವು ಶಾಸ್ತ್ರೀಯ ಸಂಗೀತಕ್ಕಾಗಿ ಹಾತೊರೆದು ರೇಡಿಯೋ ಹಚ್ಚಿದವರಲ್ಲ. ನಮಗೆ ಬೇಕಾಗಿದ್ದುದು ಹಿಂದಿ ಚಿತ್ರಗೀತೆ. ಹತ್ತು ಗಂಟೆಗೆ ವಿವಿಧ ಭಾರತಿಯ ‘ಛಾಯಾಗೀತ್’, ಹತ್ತೂವರೆಗೆ ‘ಆಪ್ ಕೀ ಫರ್ಮಾಯಿಶ್’. ಆದರೆ ನಡುನಡುವೆ ಜಾಹೀರಾತು ಬರುತ್ತಿತ್ತು; ಇಲ್ಲವೆ ಬೇಡವಾದ ಹಾಡು ಬರುತ್ತಿತ್ತು. ಆಗ ಮುಳ್ಳು ಸರಿಸಬೇಕು. ಹಾಗೆ ಸರಿಸುತ್ತಾ, ಬೇರೇನನ್ನೋ ಹುಡುಕುತ್ತಾ, ಒಂದು ಶನಿವಾರ ರಾತ್ರಿ ಎಡವಿ ಬಿದ್ದದ್ದು ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದ ಮೇಲೆ. 1952ರ ಜುಲೈಯಲ್ಲಿ ಆರಂಭವಾದ ಕಾರ್ಯಕ್ರಮ ಅದು. ಶನಿವಾರ ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಒಬ್ಬರೇ ಕಲಾವಿದರು. ದೇಶದ ನಿಲಯಗಳೆಲ್ಲ ಅದನ್ನೇ ಪ್ರಸಾರ ಮಾಡುತ್ತಿದ್ದುವು. ಮುಂಬಯಿಗೆ ತಿರುಗಿಸಿದರೂ ಅದೇ, ಧಾರವಾಡಕ್ಕೆ ತಿರುಗಿಸಿದರೂ ಅದೇ. ತಪ್ಪಿಸಿಕೊಳ್ಳಲು ದಾರಿ ಕಡಿಮೆ.

ಆ ರಾತ್ರಿ ಹಾಡುತ್ತಿದ್ದುದು ಮಲ್ಲಿಕಾರ್ಜುನ ಮನ್ಸೂರರು ಎಂಬುದು ಕೊನೆಗೆ ತಿಳಿಯಿತು. ಧಾರವಾಡದ ಪಕ್ಕದ ಮನ್ಸೂರು ಗ್ರಾಮದ ಅವರು 1992ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ನಾವು ಕೇಳಿದ್ದು ಧ್ವನಿಮುದ್ರಣ. ಚಿತ್ರಗೀತೆಯ ಕಿವಿಗೆ ಅವರ ಹಾಡಿಕೆ ಮೊದಲು ಬರಿಯ ಗಲಿಬಿಲಿ. ಮೂರು ನಿಮಿಷದಲ್ಲಿ ಮುಗಿಯಬೇಕಾದದ್ದು ಮುಗಿಯುತ್ತಲೇ ಇಲ್ಲ. ಆದರೂ ಕೈ ಮುಳ್ಳಿನ ಮೇಲೆ ಹೋಗಲಿಲ್ಲ. ಅದೇಕೆ ಎಂದು ಆಮೇಲೆ ಎಷ್ಟೋ ಬಾರಿ ಯೋಚಿಸಿದ್ದೇವೆ. ಚಿತ್ರಗೀತೆಯಲ್ಲಿ ಪಲ್ಲವಿ ತಿರುಗಿ ತಿರುಗಿ ಬರುವಂತೆ ಖ್ಯಾಲಿನಲ್ಲಿಯೂ ಚೀಜಿನ ಮೊದಲ ತುಣುಕು, ಎಂದರೆ ಮುಖಡಾ, ಮತ್ತೆ ಮತ್ತೆ ಬರುತ್ತದೆ. ಗಾಯಕ ಎಲ್ಲೆಲ್ಲಿ ಸುತ್ತಾಡಿದರೂ ಅದನ್ನು ಹಿಡಿದುಕೊಂಡೇ ತಾಳದ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಇಳಿಯಬೇಕು. ಗಣಿತದ ವಹಿಯ ಅಂಚಿನಲ್ಲಿ ನಾವು ಹದಿನಾರರವರೆಗೆ ಗೆರೆ ಎಳೆಯತೊಡಗಿದೆವು. ಮನ್ಸೂರರು ಹದಿಮೂರನೆಯ ಗೆರೆಗೂ ದೂರದಲ್ಲೆಲ್ಲೋ ಇದ್ದಾರೆ. ಇನ್ನು ಬರಲಾರರು ಎನ್ನುವಷ್ಟರಲ್ಲಿ ಸರಿಯಾಗಿ ಒಂದರ ಮೇಲೆ ಕಾಲಿಟ್ಟಿದ್ದಾರೆ. ಈ ಪಂದ್ಯದಲ್ಲಿ ಅವರು ಒಮ್ಮೆಯೂ ಸೋಲಲಿಲ್ಲ. ರಾಗ ಯಾವುದು, ಘರಾಣೆ ಯಾವುದು ಎಂಬುದರ ಗಂಧವೂ ಇಲ್ಲದ ಹುಡುಗರಿಬ್ಬರು ತೊಂಬತ್ತು ನಿಮಿಷ ಕುಳಿತದ್ದು ಈ ಪಂದ್ಯಕ್ಕಾಗಿ.

ಇಂದು ಸ್ವಲ್ಪ ತಿಳಿವಳಿಕೆ ಬಂದ ಮೇಲೆ ನೋಡಿದರೆ ಆ ಹುಡುಗರ ಕಿವಿ ತಪ್ಪು ದಾರಿ ಹಿಡಿದಿರಲಿಲ್ಲ. ಮೊದಲು ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಜೈಪುರ–ಅತ್ರೌಳಿ ಪದ್ಧತಿಯನ್ನೂ ಕಲಿತ ಮನ್ಸೂರರು ಉದ್ದನೆಯ ಆಲಾಪದಿಂದ ಶ್ರೋತೃಗಳನ್ನು ಕಾಯಿಸುವವರಲ್ಲ. ಬಂದಿಶನ್ನು ಬೇಗನೆ ಹಿಡಿದು, ಒಂದು ಸ್ವರಪುಂಜದ ತುದಿಯಿಂದಲೇ ಇನ್ನೊಂದನ್ನು ಎತ್ತಿ, ಉಸಿರೆಲ್ಲಿ ಎಳೆದರೆಂಬುದು ಗೊತ್ತಾಗದಂತೆ ನೇಯುತ್ತಾರೆ. ಶುದ್ಧ ನಟ, ಖಟ್, ಲಚ್ಚಾಸಾಖದಂಥ ಅಪರೂಪದ ರಾಗಗಳು ಅವರಿಗೆ ಪ್ರಿಯ. ಹೊಸಬನಿಗೆ ಇದು ಕಷ್ಟದ ಸಂಗೀತವೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾವು ಕೇಳುತ್ತಿರಲಿಲ್ಲ. ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ಕೇಳಿದೆವು.

ರೇಡಿಯೋ ಮಾಡಿದ ಮೊದಲ ಉಪಕಾರ ಇದು. ಎರಡನೆಯದು, ಮುಖ ತೋರಿಸದೆ ಕೇಳಿಸಿದ್ದು. ಅದಕ್ಕೆ ಇನ್ನೊಂದು ರಾತ್ರಿಯ ಕಥೆ ಹೇಳಬೇಕು. ಧಾರವಾಡ ನಿಲಯದಲ್ಲಿ ಹಾಡು ಆಗಲೇ ಶುರುವಾಗಿತ್ತು. ಘೋಷಣೆ ನಮಗೆ ತಪ್ಪಿಹೋಗಿತ್ತು. ಗಡುಸಾದ, ಮಂದ್ರದಲ್ಲಿ ನೆಲ ಮುಟ್ಟುವಂಥ ಕಂಠ. ಹಾಡುವವರು ಗಂಡಸು ಎಂದು ನಾವು, ಹೆಂಗಸು ಇರಬಹುದೆಂದು ಅಣ್ಣ. ಪಿಸುಮಾತಿನ ವಾದ ಸ್ವಲ್ಪ ಜೋರಾಗಿರಬೇಕು. ಮಲಗಿದ್ದಾರೆಂದು ನಾವು ತಿಳಿದಿದ್ದ ಅಪ್ಪ ಆಚೆಯ ಕತ್ತಲಿನಿಂದ ಹೇಳಿದರು: “ಗಂಡಸಲ್ಲೋ ತಮ್ಮಾ. ಗಂಗೂಬಾಯಿ ಹಾನಗಲ್ ಅವರು. ಚಂದ್ರಕೌಂಸ ನಡದೈತಿ. ಸುಮ್ಮನ ಕೇಳ್ರಿ.”

ನಾವು ಸುಮ್ಮನಾದದ್ದು ಹಾಡಿಗಿಂತ ಆ ಮಾತಿಗೆ. ಹುಬ್ಬಳ್ಳಿಯ ಅಪ್ಪ 1968ರಲ್ಲಿ ಮುಂಬಯಿಗೆ ಬಂದವರು. ಅವರ ಬಾಯಿಂದ ನಾವು ಕೇಳಿದ್ದ ಮಾತುಗಳೆಂದರೆ ಲೋಕಲ್ ಗಾಡಿಯ ವೇಳೆ, ರೇಷನ್, ನಮ್ಮ ಅಂಕಪಟ್ಟಿ. ಅವರಿಗೆ ರಾಗದ ಹೆಸರು ಗೊತ್ತಿರಬಹುದೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಮರುದಿನ ಭಾನುವಾರ ಚಹಾ ಕುಡಿಯುವಾಗ ಬಿಡಿಬಿಡಿಯಾಗಿ ಹೊರಬಿತ್ತು: ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಇಡೀ ರಾತ್ರಿ ಹಾಡು ನಡೆಯುತ್ತಿತ್ತು, ಕಾಲೇಜು ಹುಡುಗರು ಗೋಡೆಗೆ ಒರಗಿ ಬೆಳಗಿನವರೆಗೆ ಕೂಡುತ್ತಿದ್ದರು, ಗಂಗೂಬಾಯಿಯವರ ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಹೀಗೆ ದಪ್ಪಗಾಯಿತಂತೆ, ಆ ದನಿಯನ್ನೇ ಅವರು ಅಸ್ತ್ರ ಮಾಡಿಕೊಂಡರಂತೆ. ಇಪ್ಪತ್ತಾರು ವರ್ಷ ಅಪ್ಪ ಇದನ್ನೆಲ್ಲ ಏಕೆ ಹೇಳಿರಲಿಲ್ಲ? ಹಾಡು ಬೇಕೆಂದು ಅವರು ಯಾರನ್ನೂ ಕೇಳಿರಲಿಲ್ಲ. ನಾವೂ ಅವರನ್ನು ಏನೂ ಕೇಳಿರಲಿಲ್ಲ. ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಇಂಥ ಎಷ್ಟು ಸಾಮಾನುಗಳು ಗಂಟು ಬಿಚ್ಚದೆ ಅಟ್ಟದ ಮೇಲೆ ಉಳಿದಿರುತ್ತವೆಯೋ! ನಮ್ಮ ಮನೆಯ ಗಂಟನ್ನು ಬಿಚ್ಚಿದ್ದು ತಪ್ಪಿಹೋದ ಒಂದು ಘೋಷಣೆ. ಆ ಹೊತ್ತಿನಲ್ಲಿ ಹೆಸರು, ಭಾವಚಿತ್ರ, ಪ್ರಶಸ್ತಿಗಳ ಪಟ್ಟಿ ಕಣ್ಣ ಮುಂದೆ ಇದ್ದಿದ್ದರೆ ವಾದವೂ ಇಲ್ಲ, ಅಪ್ಪನ ಉತ್ತರವೂ ಇಲ್ಲ.

ಮೂರನೆಯ ಉಪಕಾರ ನೆರೆಹೊರೆಯದು. ಒಂದು ಶನಿವಾರ ಹಿಂದೂಸ್ತಾನಿ, ಇನ್ನೊಂದು ಶನಿವಾರ ಕರ್ನಾಟಕ ಪದ್ಧತಿ. ಧಾರವಾಡದ ಕಡೆಯ ಮನೆಯಲ್ಲಿ ವೀಣೆಯನ್ನು ಯಾರೂ ಬಯಸಿದವರಲ್ಲ. ಆದರೂ ಮೈಸೂರಿನ ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ನಮ್ಮ ಅಡುಗೆಮನೆಗೆ ಬಂದದ್ದು ಮನ್ಸೂರರಿಗಾಗಿ ತೆರೆದಿಟ್ಟ ಅದೇ ಬಾಗಿಲಿನಿಂದ. 1988ರ ಮೇ 18ರಂದು ಆಕಾಶವಾಣಿ ‘ನ್ಯಾಷನಲ್ ಚಾನೆಲ್’ ಎಂಬ ರಾತ್ರಿಯ ಪ್ರಸಾರವನ್ನು ತೆರೆದಿತ್ತು. ಊರ ನಿಲಯಗಳೆಲ್ಲ ಬಾಗಿಲು ಹಾಕಿದ ಮೇಲೂ ನಾಗಪುರದ ಪ್ರಬಲ ಪ್ರೇಷಕದಿಂದ 1566 ಕಿಲೋಹರ್ಟ್ಸ್‌ನಲ್ಲಿ ಬೆಳಗಿನವರೆಗೆ ಅದು ಎಚ್ಚರವಾಗಿರುತ್ತಿತ್ತು. ಪರೀಕ್ಷೆಯ ದಿನಗಳಲ್ಲಿ ನಮಗೆ ಅದೇ ಸಂಗಾತಿ. 2019ರ ಜನವರಿಯಲ್ಲಿ ಅದನ್ನು ಮುಚ್ಚಿದರು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ಕಚೇರಿಯಲ್ಲಿ ಯಾರಿಗೆ ಹೇಳಬೇಕೆಂದು ತೋಚಲಿಲ್ಲ.

ಇಷ್ಟು ಹೊಗಳಿದ ಮೇಲೆ ತೆಗಳಿಕೆಯ ಪಾಲನ್ನೂ ಕೊಡದಿದ್ದರೆ ಇದು ವಿಮರ್ಶೆಯಾಗದು. ಕೇಳದೆ ಕೊಡುವವನ ಕೈಯಲ್ಲಿ ಕೊಡದೇ ಇರುವ ಅಧಿಕಾರವೂ ಇರುತ್ತದೆ. ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಹುಟ್ಟಿದ್ದು ಬಿ. ವಿ. ಕೇಸ್ಕರರು ಮಂತ್ರಿಗಳಾಗಿದ್ದ ಕಾಲದಲ್ಲಿ. ಅದೇ 1952ರಲ್ಲಿ, ಅದೇ ಕೇಸ್ಕರರ ಕಾಲದಲ್ಲಿ ಚಿತ್ರಗೀತೆಗಳು ಆಕಾಶವಾಣಿಯಿಂದ ಹೆಚ್ಚುಕಡಿಮೆ ಮಾಯವಾದುವು. ಜನ ಸುಮ್ಮನಿರಲಿಲ್ಲ; ಮುಳ್ಳು ಸರಿಸಿ ರೇಡಿಯೋ ಸಿಲೋನಿಗೆ ಹೋದರು, ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಮನೆಮಾತಾಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ತೆರೆದು ಆಕಾಶವಾಣಿ ತನ್ನ ಕೇಳುಗರನ್ನು ಮರಳಿ ಕರೆಯಬೇಕಾಯಿತು. ಹಾರ್ಮೋನಿಯಮ್ಮಿನ ಪಾಡೂ ಅಷ್ಟೇ. 1940ರಿಂದ ಸುಮಾರು ಮೂರು ದಶಕಗಳ ಕಾಲ ಅದಕ್ಕೆ ಆಕಾಶವಾಣಿಯೊಳಗೆ ಪ್ರವೇಶವಿರಲಿಲ್ಲ. ನಮ್ಮ ಊರುಗಳ ಭಜನೆ, ನಾಟಕ ಕಂಪನಿ, ಸಂಗೀತದ ಪಾಠ ಎಲ್ಲವೂ ಹಾರ್ಮೋನಿಯಮ್ಮಿನ ಮೇಲೆಯೇ ನಡೆಯುತ್ತಿದ್ದಾಗ ಊರಿನ ವಾದ್ಯಕ್ಕೆ ರೇಡಿಯೋದಲ್ಲಿ ಜಾಗವಿರಲಿಲ್ಲ. ಕಲಾವಿದರನ್ನು ಎ, ಬಿ ಎಂದು ಶ್ರೇಣಿ ಕಟ್ಟಿ ಕೂಡಿಸಿದ್ದೂ ಈ ಸಂಸ್ಥೆಯೇ. ಶ್ರೇಣಿಯೆಂದರೆ ಏನೆಂಬುದು ಸರಕಾರಿ ನೌಕರರಾದ ನಮಗೆ ಬೇರೆ ಹೇಳಬೇಕಿಲ್ಲ.

ಘೋಷಣೆಗಳೂ ಬಹಳ ಬಿಗುವಾಗಿದ್ದುವು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕಲಾವಿದರ ಹೆಸರು, ರಾಗ, ತಾಳ, ತಬಲೆ–ಸಾರಂಗಿಯವರ ಹೆಸರು, ಅಲ್ಲಿಗೆ ಮುಗಿಯಿತು. ಹಾಡುವವರು ಧಾರವಾಡದವರು, ಕೇಳುವವರು ಧಾರವಾಡದವರು, ನಡುವಿನ ಮಾತು ಮಾತ್ರ ದಿಲ್ಲಿಯದು. ಹೊಸ ಕೇಳುಗನಿಗೆ ಕೈಹಿಡಿದು ಎರಡು ಮಾತು ಹೇಳುವ ಸೌಜನ್ಯ ಅಲ್ಲಿ ಕಾಣೆವು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಒಮ್ಮೆ ಹೋದದ್ದು ಹೋಯಿತು. ಮನ್ಸೂರರ ಆ ರಾತ್ರಿಯ ರಾಗದ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಧ್ವನಿ ಅಲೆಯಿಳಿದು ಮುಳುಗಿತು. ಕಲಾವಿದರ ಹೆಸರಷ್ಟೇ ದಕ್ಕಿತು. ಆ ಮುಖಡಾ ಇಪ್ಪತ್ತೊಂಬತ್ತು ವರ್ಷ ನಮ್ಮ ತಲೆಯಲ್ಲಿ ಹೆಸರಿಲ್ಲದೆ ಓಡಾಡಿಕೊಂಡಿತ್ತು. 2023ರಲ್ಲಿ ನಮ್ಮ ಮಗಳು ಮೊಬೈಲಿನಲ್ಲಿ ಮನ್ಸೂರರ ಧ್ವನಿಮುದ್ರಣಗಳ ಪಟ್ಟಿ ತೆಗೆದುಕೊಟ್ಟಳು. ಒಂದೊಂದಾಗಿ ಹಚ್ಚುತ್ತಾ ಹೋದೆವು. ಏಳನೆಯದೋ ಎಂಟನೆಯದೋ ಅದೇ ಆಗಿತ್ತು. ಶುದ್ಧ ನಟ. ಅಂದು ಆದ ಸಂತೋಷವನ್ನು ಮರೆಮಾಚಿದರೆ ನಾವು ಮೊಬೈಲಿಗೆ ಅನ್ಯಾಯ ಮಾಡಿದಂತೆ. ಈಗ ಆಕಾಶವಾಣಿಯ ಆ್ಯಪಿನಲ್ಲಿ ಧಾರವಾಡವನ್ನು ನಡುಹಗಲಲ್ಲಿಯೂ ಕೇಳಬಹುದು. ಸೂರ್ಯನ ಅಪ್ಪಣೆ ಬೇಕಿಲ್ಲ, ಹಿಟ್ಟಿನ ಡಬ್ಬಿಯೂ ಬೇಕಿಲ್ಲ.

ಆದರೆ ಮುಂದಿನ ಸಂಗತಿಯನ್ನು ನೋಡಿ. ಮನ್ಸೂರರನ್ನು ಕೇಳಿದ ಮೇಲೆ ಆ ಯಂತ್ರ ನಮಗೆ ಮತ್ತೆ ಮನ್ಸೂರರನ್ನೇ ಬಡಿಸತೊಡಗಿತು. ವಾರ ಕಳೆದರೂ ಮನ್ಸೂರರೇ. ವೀಣೆಯ ಸುಳಿವಿಲ್ಲ. ಮಗಳ ಮೊಬೈಲಿನಲ್ಲಿ ಅವಳ ಹಾಡುಗಳು, ಅವುಗಳಂಥವೇ ಇನ್ನಷ್ಟು ಹಾಡುಗಳು. ನಮ್ಮ ಮೊಬೈಲಿನ ಹಾಡು ಅವಳ ಕಿವಿಗೆ ಬೀಳದು, ಅವಳದು ನಮ್ಮ ಕಿವಿಗೆ ಬೀಳದು. ಇಬ್ಬರ ಕಿವಿಯಲ್ಲೂ ಬಿರಟೆಗಳಿವೆ. ಯಂತ್ರಕ್ಕೆ ನಮ್ಮ ರುಚಿ ಚೆನ್ನಾಗಿ ತಿಳಿದಿದೆ. ನಿನ್ನೆ ಉಂಡದ್ದನ್ನೇ ಇಂದೂ ಬಡಿಸುವ ಖಾನಾವಳಿಯವನಿಗೂ ನಮ್ಮ ರುಚಿ ತಿಳಿದಿರುತ್ತದೆ. ಆದರೆ ನಮಗೇ ತಿಳಿಯದ ನಮ್ಮ ಹಸಿವು ಯಾವುದು ಎಂಬುದನ್ನು ಅವನು ಹೇಳಲಾರ. ಅಡುಗೆಮನೆಯ ರೇಡಿಯೋ ಒಂದೇ ಇತ್ತು. ಅದರ ಸದ್ದು ಪಕ್ಕದ ಕೋಣೆಯ ಅಪ್ಪನನ್ನೂ ಮುಟ್ಟುತ್ತಿತ್ತು ಎಂಬುದನ್ನು ನೆನೆದರೆ ನಾವು ಕಳೆದುಕೊಂಡದ್ದು ಎಂಥದೆಂದು ತಿಳಿಯುತ್ತದೆ.

ಇದು ಮುದಿವಯಸ್ಸಿಗೆ ಮುಂಚಿತವಾಗಿ ಬಂದ ಗೊಣಗಾಟವೆಂದು ಕೆಲವರು ಹೇಳಿಯಾರು. ಅದಕ್ಕೆ ನಮ್ಮ ಉತ್ತರ ಇಷ್ಟೇ: ಕೇಳದೆ ಕೇಳಿದ್ದರಿಂದ ದೊಡ್ಡ ಫಲ ಹುಟ್ಟಿದ್ದಕ್ಕೆ ನಮ್ಮ ನಾಡಿನ ಸಂಗೀತವೇ ಸಾಕ್ಷಿ. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ರೆಕಾರ್ಡನ್ನು ಕೇಳಿ, ಹಾಗೆ ಹಾಡಬೇಕೆಂದು ಹಂಬಲಿಸಿ, 1933ರಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕುತ್ತಾ ಹೊರಟ. ಆ ರೆಕಾರ್ಡನ್ನು ಅಂಗಡಿಯವನು ಅವನಿಗಾಗಿ ಹಾಕಿರಲಿಲ್ಲ. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಕ್ಷಯ ತಗಲಿ, 1948ರಲ್ಲಿ ಮಧ್ಯಭಾರತದ ದೇವಾಸಿಗೆ ಹೋಗಿ, ಹಾಡಬಾರದೆಂಬ ವೈದ್ಯರ ಆಜ್ಞೆಯ ಕೆಳಗೆ ಸುಮಾರು ಐದು ವರ್ಷ ಹಾಸಿಗೆ ಹಿಡಿಯಬೇಕಾಯಿತು. ಆಗ ಅವರ ಕಿವಿಗೆ ಬಿದ್ದದ್ದು ಮನೆಯ ಹೊರಗಿನ ಮಾಳವದ ಹೆಂಗಸರ ಹಾಡು, ಬೀದಿಯ ಭಜನೆ. ಚೇತರಿಸಿಕೊಂಡು ಅವರು ಮತ್ತೆ ಹಾಡಿದಾಗ ಆ ಜನಪದ ಧಾಟಿಗಳಿಂದ ಹೊಸ ರಾಗಗಳೇ ಹುಟ್ಟಿದುವು. ನಿರ್ಗುಣ ಭಜನೆಗೆ ಬೇರೆಯದೇ ಒಂದು ದನಿ ಬಂತು. ಅವರು ಬೇಕೆಂದು ಕೇಳಿದ್ದು ಔಷಧ ಮಾತ್ರ. ಹಾಡು ಕಿಟಕಿಯಿಂದ ತಾನಾಗಿ ಬಂತು.

ಹಾಗಾದರೆ ನಾವು ಮಾಡಬೇಕಾದ್ದೇನು? ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಂಡು ಟ್ರಾನ್ಸಿಸ್ಟರು ಕೊಡುವುದು ಆಗದ ಮಾತು. ಕೊಟ್ಟರೂ ಅವರು ಅದನ್ನು ಗಡಿಯಾರದ ಪಕ್ಕದಲ್ಲಿಟ್ಟು ಮರೆತಾರು. ಆದರೆ ನಮ್ಮ ಸಂಘಕ್ಕೆ ಒಂದು ಮಾತು ಹೇಳುವ ಸಲಿಗೆ ನಮಗಿದೆ. ನವೆಂಬರಿನ ರಾಜ್ಯೋತ್ಸವಕ್ಕೆ, ಯುಗಾದಿಗೆ, ವಾರ್ಷಿಕೋತ್ಸವಕ್ಕೆ ನಾವು ಹಾಡಿಸುವುದು ಎಲ್ಲರೂ ಬಲ್ಲ ಅದೇ ಎಂಟು ಹತ್ತು ಹಾಡುಗಳನ್ನು. ಸಭಿಕರು ಕೇಳುತ್ತಾರೆ, ಆದ್ದರಿಂದ ಹಾಡಿಸುತ್ತೇವೆ ಎಂದು ಕಾರ್ಯದರ್ಶಿಗಳು ಹೇಳುವುದು ಸುಳ್ಳಲ್ಲ. ಎಂದರೆ ನಮ್ಮ ಸಂಘವೂ ಒಂದು ‘ಆಪ್ ಕೀ ಫರ್ಮಾಯಿಶ್’ ಆಗಿದೆ. ಅದು ಇರಲಿ. ಅದರ ಜೊತೆಗೆ ತಿಂಗಳಿಗೊಂದು ಶನಿವಾರ, ರಾತ್ರಿ ಒಂಬತ್ತೂವರೆಗೆ, ಸಂಘದ ಕೋಣೆಯಲ್ಲಿ ಒಂದು ಗಂಟೆ ಕೂಡೋಣ. ಒಮ್ಮೆ ಒಂದು ಮನೆಯವರು ತಮಗೆ ಪ್ರಿಯವಾದ ಯಾವುದಾದರೂ ಸಂಗೀತವನ್ನು ತಂದು ಹಚ್ಚಲಿ. ಸೋಬಾನೆಯೋ, ಡೊಳ್ಳಿನ ಹಾಡೋ, ವೀಣೆಯೋ, ಹಾರ್ಮೋನಿಯಮ್ಮೋ, ಹುಡುಗರು ಕೇಳುವ ಪರದೇಶದ ಹಾಡೋ ಆಗಲಿ. ಹಿರಿಯರು ಹುಡುಗರದನ್ನು ಅರ್ಧಕ್ಕೆ ನಿಲ್ಲಿಸಕೂಡದು. ಹುಡುಗರು ಹಿರಿಯರದಕ್ಕೆ ಎದ್ದು ಹೋಗಕೂಡದು. ಬೇಸರವಾದರೆ ಆಗಲಿ, ನಮಗೂ ಎಷ್ಟೋ ಶನಿವಾರ ಆಗುತ್ತಿತ್ತು.

ಮಗಳಿಗೆ ಈ ಯೋಜನೆಯನ್ನು ಹೇಳಿದೆವು. ಮೊದಲ ಶನಿವಾರ ಏನು ಹಚ್ಚುತ್ತೀರಿ ಎಂದು ಕೇಳಿದಳು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವರು ಇದ್ದಿದ್ದರೆ ಅವರ ಪಾಳಿಯೇ ಮೊದಲಿನದಾಗುತ್ತಿತ್ತು. ಅವರ ಪರವಾಗಿ ಒಂದನ್ನು ಆರಿಸಿ ಇಟ್ಟಿದ್ದೇವೆ. ಹಾಡುವವರು ಗಂಡಸೋ ಹೆಂಗಸೋ ಎಂದು ಯಾರಾದರೂ ವಾದ ಮಾಡಲಿ ಎಂಬ ಆಸೆಯಿಂದ ಹೆಸರನ್ನು ಮಾತ್ರ ಕೊನೆಗೆ ಹೇಳುತ್ತೇವೆ.